ಹಸಿರು ಚೀಟಿ ಕಟ್ಟಿದ ಹರಿಗೋಲು

ಹೋದ ತಿಂಗಳು ಅತ್ತಿಬೆಲೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಜೂಜುವಾಡಿ ಹತ್ತಿರ ಎಂದಿನಂತೆ ಲಾರಿಗಳ ಸಾಲು. ಬಸ್ಸು ಅರ್ಧ ಗಂಟೆ ಅಲ್ಲಾಡಲಿಲ್ಲ. ರಸ್ತೆ ಪಕ್ಕದಲ್ಲಿ ಗುಂಡಿ ಮುಚ್ಚುವವರು ಡ್ರಮ್ಮಿನಲ್ಲಿ ಡಾಂಬರು ಕಾಯಿಸುತ್ತಿದ್ದರು, ಆ ಹೊಗೆ ಸೀದಾ ಕಿಟಕಿಯೊಳಗೆ ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನನಗೆ ಮೈಯೆಲ್ಲ ಉರಿಯಿತು. ಹೊಗೆಗಲ್ಲ. ಅದೇ ವಾಸನೆಯ ಒಂದು ಹರಿಗೋಲು ನೆನಪಾಯಿತು, ಅದರ ಹಿಂದೆಯೇ ಆಯುಧಪೂಜೆಯಿಂದ ಸಂಕ್ರಾಂತಿಯವರೆಗಿನ ಆ ಮೂರು ತಿಂಗಳು ನೆನಪಾದವು. ಮೂರು ವರ್ಷ ಕಳೆದಿದೆ. ಇಷ್ಟರೊಳಗೆ ಸಿಟ್ಟು ಆರಬೇಕಿತ್ತು, ಆರಿಲ್ಲ.

ನಾನು ಹೊಸೂರಿನ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ತಪಾಸಣೆ ಮಾಡುವವಳು. ಲೇತಿನಿಂದ ಇಳಿದ ತುಂಡು ನನ್ನ ಮೇಜಿಗೆ ಬರುತ್ತದೆ, ಅಳತೆ ನೋಡುತ್ತೇನೆ, ಚೀಟಿ ಕಟ್ಟುತ್ತೇನೆ. ಸರಿಯಿದ್ದರೆ ಹಸಿರು ಚೀಟಿ, ಅನುಮಾನವಿದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು. ಮಾಲೂರು ಕಡೆಯಿಂದ ಮದುವೆಯಾಗಿ ಮೂಕಂಡಪಲ್ಲಿಗೆ ಬಂದ ಎರಡನೇ ವರ್ಷಕ್ಕೆ ಸೇರಿದ ಕೆಲಸ, ಈಗ ಇಪ್ಪತ್ತೈದು ವರ್ಷವಾಯಿತು. ಮೇಲಿನವರು ಬಂದು "ರತ್ನಮ್ಮ, ಲೋಡು ಹೊರಡಬೇಕು, ಸ್ವಲ್ಪ ನೋಡಿಕೊಂಡು ಹೋಗಿ" ಎಂದು ಹಲ್ಲು ಕಿರಿದಾಗಲೂ ಕೆಂಪು ಚೀಟಿ ಬಿಚ್ಚಿದವಳಲ್ಲ. ಆ ಹೆಮ್ಮೆ ನನ್ನ ತಲೆಗೇರಿತ್ತು. ಮನೆಯಲ್ಲಿ ಉಪ್ಪಿನಕಾಯಿ ಜಾಡಿಗೂ ತಾರೀಖು ಬರೆದು ಅಂಟಿಸುತ್ತಿದ್ದೆ. "ನನ್ನ ಕೊರಳಿಗೂ ಒಂದು ಕಟ್ಬಿಡು, ಯಾವ ಬಣ್ಣ ಅಂತ ಮಾತ್ರ ಹೇಳ್ಬೇಡ" ಎಂದು ನನ್ನ ಗಂಡ ಗೇಲಿ ಮಾಡುತ್ತಿದ್ದ.

ಸೈಕಲ್ಲಿನ ಹುಚ್ಚು ಹತ್ತಿಸಿದ್ದು ಡಾಕ್ಟರು. ನನಗೆ ಸಕ್ಕರೆ ಕಾಯಿಲೆ, ಪ್ಯಾಕಿಂಗಿನಲ್ಲಿದ್ದ ಕುಮುದಾಗೆ ಮಂಡಿನೋವು. ಇಬ್ಬರಿಗೂ ಒಂದೇ ಔಷಧ ಹೇಳಿದರು. ಕುಮುದಾ ಕಾವೇರಿಪಟ್ಟಣಂ ಕಡೆಯವಳು, ತಮಿಳಿನವಳು, ನನಗಿಂತ ಆರು ವರ್ಷ ಚಿಕ್ಕವಳು. ನನ್ನ ಜೊತೆ ಪ್ರೀತಿಯಿಂದ ಇದ್ದಾಗ ತಮಿಳು, ಜಗಳ ಬಂದರೆ ಕನ್ನಡ. ಇಬ್ಬರ ಮನೆಯಲ್ಲೂ ಹೆಣ್ಣುಮಕ್ಕಳಿಗೆ ಹನ್ನೊಂದನೇ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲುಗಳು ಧೂಳು ಹಿಡಿದು ನಿಂತಿದ್ದವು. ಮಕ್ಕಳು ಕಾಲೇಜು ಮುಗಿಸಿ ಸ್ಕೂಟರಿಗೆ ಏರಿದ್ದರು. ನಾವು ಟೈರು ಬದಲಾಯಿಸಿ, ಮುಂದಿನ ಬುಟ್ಟಿಯಲ್ಲಿ ಇಡ್ಲಿ ಡಬ್ಬಿ ಇಟ್ಟುಕೊಂಡು, ಭಾನುವಾರ ಬೆಳಗ್ಗೆ ಹೊರಡತೊಡಗಿದೆವು.

ಮೊದಲ ವಾರ ಕಾಲುವೆಯ ದಾರಿಯಲ್ಲಿ ಹೋಗಿ ಹಿಂತಿರುಗಿದೆವು. ಎರಡನೇ ವಾರ ಅಣೆಕಟ್ಟಿನ ಹಿನ್ನೀರಿನವರೆಗೆ ಹೋದೆವು. ಮಳೆ ಚೆನ್ನಾಗಿ ಆಗಿದ್ದ ವರ್ಷ, ನೀರು ರಾಗಿ ಹೊಲಗಳ ಬದುವಿನವರೆಗೂ ಬಂದಿತ್ತು. ದಂಡೆಯ ಉದ್ದಕ್ಕೂ ಮಣ್ಣಿನ ದಾರಿ, ಎಲ್ಲೂ ಏರಿಲ್ಲ, ಇಳಿಜಾರಿಲ್ಲ. ಒಂದು ಕಡೆ ನೀರು, ಇನ್ನೊಂದು ಕಡೆ ಗುಲಾಬಿ ಬೆಳೆಯುವ ಬಿಳೀ ಪ್ಲಾಸ್ಟಿಕ್ ಮನೆಗಳ ಸಾಲು. ನೀರಿನ ಮೇಲೆ ಅಲ್ಲಲ್ಲಿ ಸೋಪಿನ ನೊರೆ ತೇಲುತ್ತಿತ್ತು. ಬೆಂಗಳೂರಿನ ಕೊಳಚೆ ಹೊತ್ತು ಬರುವ ನದಿ ಇದು, ಮಳೆ ಜಾಸ್ತಿಯಾದಾಗ ನೊರೆಯೂ ಜಾಸ್ತಿ. ವಾಸನೆ ಬರುತ್ತಿತ್ತು. ಆದರೂ ವಾರವಿಡೀ ಮಿಷಿನ್ನಿನ ಎಣ್ಣೆ ಕುಡಿದ ಮೂಗಿಗೆ ಅದೇನು ದೊಡ್ಡದಲ್ಲ.

ದಾರಿ ಒಂದು ಹೊಂಗೆ ಮರದ ಹತ್ತಿರ ನೀರಿಗೆ ಇಳಿದು ನಿಂತುಬಿಡುತ್ತಿತ್ತು. ಎದುರು ದಡದಲ್ಲಿ ಹಳ್ಳಿ ಕಾಣುತ್ತಿತ್ತು, ನಡುವೆ ಕೂಗಿದರೆ ಕೇಳುವಷ್ಟು ನೀರು. ಅಲ್ಲಿ ಮುನಿಯಪ್ಪ ತನ್ನ ಹರಿಗೋಲು ಇಟ್ಟುಕೊಂಡಿದ್ದ. ಅರವತ್ತೈದರ ಆಸುಪಾಸಿನ ಆಳು, ತೆಳ್ಳಗೆ, ಅಂಗೈ ಎರಡೂ ಡಾಂಬರಿನ ಕಪ್ಪು. ನಮ್ಮನ್ನು ನೋಡಿ ಕೇಳಿದ.

"ಯಾರವ್ವಾ ನೀವು? ಸೈಕಲ್ ತಳ್ಕೊಂಡು ಇಲ್ಲಿಗ್ಯಾಕ್ ಬಂದ್ರಿ?"

"ಆ ದಡಕ್ಕೆ ಹೋಗ್ಬೇಕಿತ್ತು ಅಣ್ಣ," ಅಂದೆ.

"ಅಲ್ಯಾರವ್ರೆ ನಿಮ್ಗೆ?"

"ಯಾರೂ ಇಲ್ಲ. ಸುಮ್ನೆ ಸುತ್ತು ಹಾಕ್ಕೊಂಡು ಹಿಂದಿನ ರಸ್ತೇಲಿ ಮನೆಗೆ ಹೋಗೋಣ ಅಂತ."

ಅವನು ಹರಿಗೋಲಿನಲ್ಲಿ ಕೂತಿದ್ದ ಹೆಂಗಸಿನ ಕಡೆ ತಿರುಗಿದ. "ಕೇಳಿಸ್ತೇನಮ್ಮಿ ಪಾರ್ವತಿ? ಸುಮ್ಕೆ ಸುತ್ತೋಕ್ ಬಂದವ್ರಂತೆ."

ಪಾರ್ವತಿ ಎದುರು ಹಳ್ಳಿಯವಳು, ಈ ದಡದ ಗುಲಾಬಿ ಶೆಡ್ಡಿನಲ್ಲಿ ಹೂ ಕತ್ತರಿಸುವ ಕೆಲಸ. ಮುವ್ವತ್ತೈದು ಇರಬಹುದು. ಬೆರಳುಗಳ ತುಂಬ ಮುಳ್ಳಿನ ಗೀರು. ನಮ್ಮಿಬ್ಬರನ್ನೂ ಸೈಕಲ್ಲುಗಳನ್ನೂ ಮೇಲಿಂದ ಕೆಳಗೆ ನೋಡಿ ನಕ್ಕಳು. "ಪುಣ್ಯವಂತ್ರು ಕಣಣ್ಣ. ನಾನೂ ಒಂದಿನ ಹಂಗೆ ಸುಮ್ಕೆ ಸುತ್ಬೇಕು."

ಆ ಮಾತು ಆಗ ನನಗೆ ತಮಾಷೆಯಾಗಿ ಕೇಳಿತು.

ಹೀಗೆ ನಮ್ಮ ಸುತ್ತು ಪೂರ್ತಿಯಾಯಿತು. ಮೂಕಂಡಪಲ್ಲಿಯಿಂದ ಹೊರಟು, ದಂಡೆ ಹಿಡಿದು, ಹರಿಗೋಲಿನಲ್ಲಿ ದಾಟಿ, ಆ ಕಡೆ ರಾಗಿ ಹೊಲಗಳ ನಡುವೆ ಬಂದು, ಹುಣಿಸೆ ಮರದ ಕೆಳಗಿನ ಅಂಗಡಿಯಲ್ಲಿ ಟೀ ಕುಡಿದು, ಹೆದ್ದಾರಿ ದಾಟಿ ಮನೆಗೆ. ಹದಿನೆಂಟು ಕಿಲೋಮೀಟರ್. ಹರಿಗೋಲು ಆ ಹಳ್ಳಿಯ ಹೆಂಗಸರಿಗಾಗಿ ಇದ್ದದ್ದು. ಬೆಳಗ್ಗೆ ಆರಕ್ಕೆ ಹತ್ತು ಹನ್ನೆರಡು ಜನ ಮೂರು ನಾಲ್ಕು ಸಲಕ್ಕೆ ದಾಟಿ ಗುಲಾಬಿ ಶೆಡ್ಡುಗಳಿಗೆ ಹೋಗುತ್ತಿದ್ದರು, ಸಂಜೆ ಹಾಗೆಯೇ ವಾಪಸ್ಸು, ಭಾನುವಾರ ಮಾತ್ರ ಅರ್ಧ ದಿನಕ್ಕೇ ಬಿಡುತ್ತಿದ್ದರು. ಅವರಿಂದ ಅವನು ದುಡ್ಡು ಮುಟ್ಟುತ್ತಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಮನೆಗೊಂದು ಮೊರ ರಾಗಿ ಅವನ ಮನೆಗೆ ಬರುತ್ತಿತ್ತು, ಅವನಪ್ಪನ ಕಾಲದಿಂದ ನಡೆದುಬಂದದ್ದು. ರಸ್ತೆಯಲ್ಲಿ ಸುತ್ತಿ ಬರಬೇಕಾದರೆ ಹನ್ನೊಂದು ಕಿಲೋಮೀಟರ್, ಆ ಹೊತ್ತಿಗೆ ಬಸ್ಸಿಲ್ಲ.

ಮುನಿಯಪ್ಪನ ಕೆಲಸದ ರೀತಿ ನನಗೆ ಮೊದಮೊದಲು ನಗು ತರಿಸುತ್ತಿತ್ತು. ಹೊರಡುವ ಮುಂಚೆ ನೀರಿನಿಂದ ಒಂದು ಹಿಡಿ ನೊರೆ ಎತ್ತಿ ಸ್ವಲ್ಪ ದೂರಕ್ಕೆ ಬಿಡುತ್ತಿದ್ದ. ಸೊಂಟದ ಮೇಲೆ ಕೈಯಿಟ್ಟುಕೊಂಡು ಅದು ಎತ್ತ ಹೋಗುತ್ತದೆ, ಎಷ್ಟು ಬೇಗ ಹೋಗುತ್ತದೆ ಎಂದು ನೋಡುತ್ತಿದ್ದ. "ನೊರೆ ನಿಂತೈತೆ, ಹತ್ರವ್ವ," ಅನ್ನುತ್ತಿದ್ದ. ಓಡುತ್ತಿದ್ದರೆ ಹುಟ್ಟನ್ನು ನೆಲಕ್ಕೆ ಊರಿ ಬೀಡಿ ಹಚ್ಚುತ್ತಿದ್ದ. ಆಮೇಲೆ ಯಾರು ಏನು ಹೇಳಿದರೂ ಏಳುತ್ತಿರಲಿಲ್ಲ. ಒಂದು ಭಾನುವಾರ ನಮ್ಮನ್ನು ಒಂದೂವರೆ ಗಂಟೆ ಕೂರಿಸಿದ್ದ.

"ಎಷ್ಟು ಜನ ಕೂತ್ಕೋಬಹುದು ಅಣ್ಣ ಇದ್ರಲ್ಲಿ?" ಎಂದು ಕೇಳಿದ್ದೆ.

"ಅದೆಂಗೇಳಾನೆ? ಒಂದಿನ ಆರು, ಒಂದಿನ ಎರಡು, ಒಂದಿನ ಯಾರೂ ಬ್ಯಾಡ."

ಇಂಥ ಉತ್ತರ ಕೇಳಿದರೆ ನನ್ನಂಥವಳಿಗೆ ಕೈ ಕಡಿಯುತ್ತದೆ. ಅಳತೆಯೇ ಇಲ್ಲದ ಮಾತು ಎಂದುಕೊಂಡೆ. ಅಳತೆ ಇತ್ತು. ಅದನ್ನು ಓದುವ ವಿದ್ಯೆ ನನ್ನ ಹತ್ತಿರ ಇರಲಿಲ್ಲ, ಅಷ್ಟೇ.

ಆಯುಧಪೂಜೆ ಬಂತು. ಕಾರ್ಖಾನೆಯಲ್ಲಿ ನಮಗೆ ಅದು ದೊಡ್ಡ ಹಬ್ಬ. ಲೇತುಗಳನ್ನೆಲ್ಲ ತೊಳೆದು ವಿಭೂತಿ ಬಳಿದು ಕುಂಕುಮ ಇಟ್ಟು, ಬಾಳೆಕಂದು ಕಟ್ಟಿ, ಬಾಗಿಲಲ್ಲಿ ಬೂದುಗುಂಬಳ ಒಡೆದು, ಎಲ್ಲರಿಗೂ ಪುರಿ ಕಡಲೆ ಹಂಚುತ್ತಾರೆ. ಆ ದಿನ ನಾನು ನನ್ನ ವಿಭಾಗದ ಎಲ್ಲ ಅಳತೆ ಸಾಮಾನುಗಳಿಗೂ ಹೊಸ ಹಸಿರು ಚೀಟಿ ಕಟ್ಟುತ್ತೇನೆ. ಪೂಜೆಯಾದ ಮೇಲೆ ತಪಾಸಣೆಯೂ ಆಗಬೇಕು, ಆಗಲೇ ಹಬ್ಬ ಪೂರ್ತಿ. ಮುಂದಿನ ಭಾನುವಾರ ಒಂದು ಪೊಟ್ಟಣ ಪುರಿಯ ಜೊತೆ ಒಂದು ಖಾಲಿ ಹಸಿರು ಚೀಟಿಯೂ ನನ್ನ ಬುಟ್ಟಿಯಲ್ಲಿತ್ತು. ಯಾಕೆ ತೆಗೆದುಕೊಂಡೆ ಎಂದರೆ, ಪ್ರೀತಿಗೆ. ನಮ್ಮ ತಪಾಸಣೆ ಜಾತಿಯ ಜನ ಪ್ರೀತಿ ತೋರಿಸುವುದು ಹಾಗೆ, ಮೆಚ್ಚಿದ ವಸ್ತುವಿಗೆ ಚೀಟಿ ಕಟ್ಟಿ.

ಮುನಿಯಪ್ಪನೂ ಹರಿಗೋಲಿಗೆ ಹೊಸ ಡಾಂಬರು ಬಳಿದು, ಮೂರು ಗೆರೆ ವಿಭೂತಿ ಎಳೆದು, ನಿಂಬೆಹಣ್ಣು ಕಟ್ಟಿದ್ದ. ದಡವೆಲ್ಲ ಆ ಡಾಂಬರಿನ ಘಮ. ನಾನು ಚೂಡಿದಾರದ ತೋಳು ಮಡಚಿ ಶುರುಮಾಡಿದೆ. ಹರಿಗೋಲು ಬೋರಲು ಹಾಕಿಸಿ ಬಿದಿರಿನ ಹೆಣಿಗೆ ಒಂದೊಂದೂ ತಡವಿದೆ. ಒಳಗೆ ಹಳೇ ಪೇಪರ್ ಹಾಸಿ ಅರ್ಧ ಗಂಟೆ ನೀರಿನಲ್ಲಿ ಬಿಟ್ಟೆ, ಪೇಪರ್ ಒಣಗಿಯೇ ಇತ್ತು. ಹಳ್ಳಿಯವರ ಹಾಲಿನ ಕ್ಯಾನುಗಳಲ್ಲಿ ನೀರು ತುಂಬಿಸಿ ಒಂದೊಂದಾಗಿ ಇಳಿಸಿ, ಅಂಚು ನೀರಿಗೆ ಎಷ್ಟು ಹತ್ತಿರ ಬಂತು ಎಂದು ಟೇಪಿನಲ್ಲಿ ನೋಡಿದೆ. ಹೆಂಗಸರು ಕೆಲಸ ಬಿಟ್ಟು ನೋಡುತ್ತ ನಿಂತಿದ್ದರು. "ನಮ್ ತೆಪ್ಪುಕ್ಕೆ ಡಾಕ್ಟ್ರಮ್ಮ ಬಂದವ್ರೆ," ಎಂದಳು ಪಾರ್ವತಿ.

ಕೊನೆಗೆ ಚೀಟಿ ಬರೆದೆ. ತಮಿಳು, ಕನ್ನಡ, ತೆಲುಗು ಮೂರರಲ್ಲೂ ಬರೆದೆ, ನನಗೆ ಮೂರೂ ಬರುತ್ತದೆ ಎಂದು ತೋರಿಸಿಕೊಳ್ಳಬೇಕಿತ್ತಲ್ಲ. "ಸುಸ್ಥಿತಿಯಲ್ಲಿದೆ. ಹುಟ್ಟು ಹಾಕುವವರು ಸೇರಿ ನಾಲ್ಕು ಜನ, ಎರಡು ಸೈಕಲ್." ಕೆಳಗೆ ತಾರೀಖು, ನನ್ನ ಸಹಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನಿಂಬೆಹಣ್ಣಿನ ಪಕ್ಕ ಕಟ್ಟಿದೆ.

ಮುನಿಯಪ್ಪ ಓದು ಬಾರದವನು. ಚೀಟಿಯನ್ನು ಕೈಯಲ್ಲಿ ತೂಗಿ ನೋಡಿದ. "ಇದು ಇದ್ರೆ ಏನಾಯ್ತದೆ?"

"ನಿಮ್ಮ ತೆಪ್ಪ ಗಟ್ಟಿಯಾಗಿದೆ ಅಂತ ಎಲ್ರಿಗೂ ಗೊತ್ತಾಗುತ್ತೆ."

"ಗೊತ್ತಿರೋರ್ಗೆ ಗೊತ್ತೈತಲ್ಲವ್ವ," ಅಂದ. ಆದರೂ ಬಿಚ್ಚಲಿಲ್ಲ. ನಾನು ಕಟ್ಟಿದ್ದೇನೆಂದು ಬಿಚ್ಚಲಿಲ್ಲ.

ಕುಮುದಾ ಆ ಚೀಟಿಯ ಫೋಟೋ ತೆಗೆದಳು. ನಮ್ಮ ದಾರಿಯನ್ನೂ ಫೋನಿನ ನಕ್ಷೆಯಲ್ಲಿ ಗೆರೆ ಎಳೆದು, "ನೀರಂಚಿನ ಸುಲಭ ಸೈಕಲ್ ಸುತ್ತು, ಹರಿಗೋಲು ಸಮೇತ" ಎಂದು ಹೆಸರಿಟ್ಟು ಸೈಕಲ್ಲಿನವರ ಗುಂಪಿಗೆ ಹಾಕಿದಳು. ಹೆಸರು ಹೇಳಿಕೊಟ್ಟವಳು ನಾನೇ. ತಮಿಳುನಾಡಿನ ಹರಿಗೋಲಿನ ಮೇಲೆ ಕನ್ನಡದ ಚೀಟಿ ಎಂದು ಗಡಿಯಾಚೆ ಆ ಫೋಟೋ ಮನೆಮನೆಗೆ ಹೋಯಿತು. ನನಗೆ ಸಂತೋಷವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಾರ್ಖಾನೆಯ ಊಟದ ಹಾಲಿನಲ್ಲಿ ನಾನೇ ನಾಲ್ಕು ಜನಕ್ಕೆ ತೋರಿಸಿದೆ.

ಕಾರ್ತಿಕ ಕಳೆಯುವಷ್ಟರಲ್ಲಿ ಬೆಂಗಳೂರಿನವರು ಬರತೊಡಗಿದರು. ಮೊದಲು ಇಬ್ಬರು, ಆಮೇಲೆ ಹತ್ತು, ಆಮೇಲೆ ಕಾರಿನ ತಲೆಯ ಮೇಲೆ ಸೈಕಲ್ಲು ಕಟ್ಟಿಕೊಂಡು ಮುವ್ವತ್ತು ನಲವತ್ತು. ಮೈಗಂಟಿದ ಬಟ್ಟೆ, ತಲೆಗೆ ಟೊಪ್ಪಿ, ನಮ್ಮ ಒಂದು ವರ್ಷದ ಸಂಬಳಕ್ಕೂ ಸಿಗದ ಸೈಕಲ್ಲು. ತಾವು ಬಟ್ಟೆ ಒಗೆದು ಬಿಟ್ಟ ನೀರನ್ನು ತಾವೇ ನೋಡಲು ಇಷ್ಟು ದೂರ ಬಂದು, ಮೂಗು ಮುಚ್ಚಿಕೊಂಡು, "ಈ ಊರಿನವರು ಇದನ್ನು ಶುಚಿಯಾಗಿ ಇಟ್ಟುಕೊಳ್ಳಬಾರದೇ" ಎಂದು ಕೇಳುತ್ತಿದ್ದರು. ಅದನ್ನು ಕೇಳಿದ ದಿನ ನಾನು ಒಬ್ಬನ ಮೇಲೆ ಜಗಳಕ್ಕೆ ಬಿದ್ದೆ. ಕುಮುದಾ ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. ಅವನು ನಗುತ್ತ ನಿಂತಿದ್ದ.

ಅವರು ಬಂದರೆ ಏನಂತೆ ಎಂದು ನೀವು ಕೇಳಬಹುದು. ಬರಲಿ, ಯಾರಪ್ಪನ ದಾರಿಯೂ ಅಲ್ಲ. ಆದರೆ ಅವರು ಹರಿಗೋಲಿನ ಸಾಲಿನಲ್ಲಿ ಕೆಲಸ ಮುಗಿಸಿ ನಿಂತ ಹೆಂಗಸರ ಮುಂದೆ ನಿಲ್ಲುತ್ತಿದ್ದರು. ಹರಿಗೋಲು ನಡುನೀರಿನಲ್ಲಿ ಒಂದು ಸುತ್ತು ತಿರುಗಿಸು, ಫೋಟೋ ಬೇಕು ಎನ್ನುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಮುನಿಯಪ್ಪ ನೊರೆ ಬಿಟ್ಟು ನೋಡಿ "ಇವತ್ತು ಆಗಾಕಿಲ್ಲ" ಎಂದರೆ ಅವರು ಚೀಟಿಗೆ ಬೆರಳಿಟ್ಟು ತೋರಿಸುತ್ತಿದ್ದರು. ನಾಲ್ಕು ಜನ, ಎರಡು ಸೈಕಲ್, ಬರೆದಿದೆಯಲ್ಲ. ಓದು ಬಾರದ ಮನುಷ್ಯ ಬರೆದದ್ದರ ಜೊತೆ ಎಷ್ಟು ವಾದ ಮಾಡಿಯಾನು? ಡಿಸೆಂಬರ್ ಹೊತ್ತಿಗೆ ಅವನು ನೊರೆ ಎತ್ತುವುದು ಕಡಿಮೆಯಾಗಿತ್ತು. ನಾನು ಅದನ್ನು ಗಮನಿಸಿದ್ದೆ. ಗಮನಿಸಿ, ಪರವಾಗಿಲ್ಲ, ಒಂದು ಪದ್ಧತಿಗೆ ಬರುತ್ತಿದ್ದಾನೆ ಎಂದುಕೊಂಡೆ. ಈಗ ಆ ಯೋಚನೆ ನೆನೆದರೆ ಕೆನ್ನೆಗೆ ಹೊಡೆದುಕೊಳ್ಳುವ ಹಾಗಾಗುತ್ತದೆ.

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ. ಗುಲಾಬಿಯವರಿಗೆ ಅದು ವರ್ಷದಲ್ಲೇ ದೊಡ್ಡ ತಿಂಗಳು, ಫೆಬ್ರವರಿಯ ಪ್ರೇಮಿಗಳ ದಿನಕ್ಕೆ ಹೂವು ವಿಮಾನ ಹತ್ತಬೇಕು, ಶೆಡ್ಡುಗಳಲ್ಲಿ ಭಾನುವಾರವೂ ಪೂರ್ತಿ ದಿನ ಕೆಲಸ. ಮಗುವಿಗೆ ಜ್ವರ ಎಂದು ಪಾರ್ವತಿ ಹತ್ತು ಗಂಟೆಗೆ ರಜೆ ಕೇಳಿ ಬಂದು ಹೊಂಗೆ ಮರದ ಕೆಳಗೆ ಕೂತಿದ್ದಳು. ಗಾಳಿ ಇತ್ತು. ಮುನಿಯಪ್ಪ ಅಂದು ಬಗ್ಗಿ ನೊರೆ ಎತ್ತಿ ಬಿಟ್ಟ. ಹುಟ್ಟು ಊರಿ ನಿಂತ.

ನಾನು ಮತ್ತು ಕುಮುದಾ ನಮ್ಮ ಸರದಿಗೆ ಕಾಯುತ್ತಿದ್ದೆವು. ನಮ್ಮ ಮುಂದೆ ಆರು ಜನ ಬೆಂಗಳೂರಿನವರು. ಅವರಲ್ಲಿ ಹಳದಿ ಅಂಗಿಯವನೊಬ್ಬ ಎದ್ದು ಬಂದ. "ಏನ್ ಸಮಸ್ಯೆ? ನಾವಿಬ್ರು, ಈ ಅಮ್ಮ ಒಬ್ರು, ನೀವೊಬ್ರು. ನಾಲ್ಕು. ಸೈಕಲ್ ಎರಡು. ಬರ್ದಿರೋದು ಇಷ್ಟೇ ತಾನೇ?"

"ಗಾಳಿ ಐತೆ ಸ್ವಾಮಿ. ವಸಿ ತಡೀರಿ."

"ಚೀಟೀಲಿ ಗಾಳಿ ವಿಷ್ಯ ಎಲ್ಲೂ ಇಲ್ವಲ್ಲ."

ನಿಜ, ಇರಲಿಲ್ಲ. ನಮ್ಮ ಕಾರ್ಖಾನೆಯ ಚೀಟಿಯಲ್ಲಿ ಗಾಳಿಗೆ ಕಾಲಂ ಇಲ್ಲ. ಮುನಿಯಪ್ಪ ತಲೆ ಎತ್ತಿ ನನ್ನನ್ನು ಹುಡುಕಿದ. ಚೀಟಿ ಬರೆದವಳು ಅಲ್ಲೇ ಇದ್ದಳಲ್ಲ.

"ಏನವ್ವ, ಹೋಗ್ಬೋದಾ?"

ನಾನು ಏನು ಹೇಳಬೇಕಿತ್ತು? ನಿಮಗೇ ಗೊತ್ತಣ್ಣ ಎಂದಿದ್ದರೆ ಸಾಕಿತ್ತು. ಎರಡು ಪದ. ಆದರೆ ಆರು ಜನ ನನ್ನ ಕಡೆ ತಿರುಗಿದ್ದರು, ಚೀಟಿಯ ಮೇಲಿನ ಸಹಿ ನನ್ನದು ಎಂದು ಗೊತ್ತಾಗಿ ಒಬ್ಬಳು ಫೋನು ಎತ್ತಿದ್ದಳು. "ಹೋಗಿ ಅಣ್ಣ," ಅಂದೆ. "ತೂಕ ಲೆಕ್ಕ ಹಾಕೇ ಬರೆದಿದ್ದೀನಿ."

ನಡುನೀರಿಗೆ ಹೋಗುತ್ತಲೇ ಗಾಳಿ ಹರಿಗೋಲನ್ನು ಹಿಡಿದು ತಿರುಗಿಸಿತು. ಮುನಿಯಪ್ಪ ಹುಟ್ಟು ಹಾಕಿ ಹಾಕಿ ನಿಲ್ಲಿಸಲು ನೋಡಿದ. ಹಳದಿ ಅಂಗಿಯವನು ಸೈಕಲ್ಲಿಗೆ ಪೆಟ್ಟಾಗಬಾರದೆಂದು ಎದ್ದು ನಿಂತ. ಎದ್ದದ್ದೇ ತಡ, ಅಂಚು ವಾಲಿತು, ಸೈಕಲ್ಲೂ ಅವನೂ ಒಟ್ಟಿಗೆ ನೀರಿಗೆ ಬಿದ್ದರು. ಮುಳುಗುವಾಗಲೂ ಅವನು ಸೈಕಲ್ಲಿನ ಹಿಡಿ ಬಿಡಲಿಲ್ಲ. ಪಾರ್ವತಿ ಸೆರಗು ಬಿಚ್ಚಿ ಎಸೆದಳು, "ಬುಡ್ರಿ ಅದ್ನ, ಇದ್ ಹಿಡ್ಕೊಳ್ರಿ" ಎಂದು ಕಿರುಚಿದ್ದು ದಡದಲ್ಲಿದ್ದ ನಮಗೆ ಕೇಳಿಸಿತು. ಅವಳು ಮಂಡಿಯೂರಿ ಎಳೆದಳು, ಮುನಿಯಪ್ಪ ಹುಟ್ಟು ಚಾಚಿದ. ಮನುಷ್ಯ ಬದುಕಿದ. ಸೈಕಲ್ಲು ಹೋಯಿತು.

ಅವನು ಬದುಕಿದ್ದಕ್ಕೆ ನನಗೆ ನೆಮ್ಮದಿಯಿದೆ, ಅದನ್ನು ಹೇಳಿಬಿಡುತ್ತೇನೆ. ಆದರೆ ಅವನ ಜೊತೆಯವರು ದಡದಿಂದ ಹಿಡಿದ ವಿಡಿಯೋ ಅದೇ ದಿನ ಊರೆಲ್ಲ ಸುತ್ತಿತಲ್ಲ, ಅದರಲ್ಲಿ ಹರಿಗೋಲು ವಾಲುವುದಿತ್ತು, ಸೈಕಲ್ಲು ಮುಳುಗುವುದಿತ್ತು, ಚೀಟಿಯನ್ನು ಹತ್ತಿರದಿಂದ ತೋರಿಸಿದ್ದಿತ್ತು. ಪಾರ್ವತಿಯ ಸೆರಗು ಇರಲಿಲ್ಲ. ಅಷ್ಟು ಭಾಗ ಕತ್ತರಿಸಿದ್ದರು. ಅವನನ್ನು ಎಳೆದು ಕೂರಿಸಿದ ಕೈಗಳಲ್ಲಿ ಅವರ ಪ್ರೇಮಿಗಳ ದಿನದ ಹೂವು ಕತ್ತರಿಸಿದ ಗೀರುಗಳಿದ್ದವು. ಅದೂ ಯಾರಿಗೂ ಕಾಣಲಿಲ್ಲ.

ಮೂರು ದಿನಕ್ಕೆ ತಾಲ್ಲೂಕು ಕಚೇರಿಯವರು ಜೀಪಿನಲ್ಲಿ ಬಂದರು. ಹರಿಗೋಲನ್ನು ಹೊಂಗೆ ಮರಕ್ಕೆ ಸರಪಳಿಯಲ್ಲಿ ಬಿಗಿದು ಬೀಗ ಹಾಕಿದರು. ಪರವಾನಗಿಯಿಲ್ಲದೆ ಬಾಡಿಗೆ ದೋಣಿ ನಡೆಸಿದ ಕೇಸು ಎಂದರು. ರಾಗಿಗೆ ದಾಟಿಸುವವನು ಬಾಡಿಗೆಯವನು ಹೇಗಾದ? ಚೀಟಿಯಿಂದ ಆದ. ಎಷ್ಟು ಜನ, ಎಷ್ಟು ಸೈಕಲ್, ತಾರೀಖು, ಸಹಿ. ನೂರು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದದ್ದಕ್ಕೆ ನಾನು ಕಾಗದಪತ್ರ ಮಾಡಿಕೊಟ್ಟಿದ್ದೆ. ಯಾರು ಬರೆದದ್ದು ಎಂದು ಮುನಿಯಪ್ಪನನ್ನು ಕೇಳಿದರಂತೆ. "ಆಯುದ್ಪೂಜೆಗೆ ದೇವ್ರಿಗೆ ಕಟ್ಟಿದ್ದು ಸ್ವಾಮಿ" ಎಂದಷ್ಟೇ ಹೇಳಿದನಂತೆ. ನನ್ನ ಹೆಸರು ಹೇಳಲಿಲ್ಲ.

ಇದನ್ನೆಲ್ಲ ಮರುಭಾನುವಾರ ಪಾರ್ವತಿಯ ಜೊತೆಯ ಹೆಂಗಸರಿಂದ ಕೇಳಿ ನಾನು ಕುಮುದಾಳ ಮೇಲೆ ಹರಿಹಾಯ್ದೆ. ಫೋಟೋ ಹಾಕಿದ್ದು ನೀನು, ನಕ್ಷೆ ಹಾಕಿದ್ದು ನೀನು ಎಂದೆ. ಅವಳು ಕನ್ನಡದಲ್ಲಿ ಹೇಳಿದಳು. "ಅಕ್ಕಾ, ನಾನು ಹಾಕಿದೆ. ತಪ್ಪು. ಆದರೆ ಆವತ್ತು ಹೋಗಿ ಅಂತ ಹೇಳಿದ್ದು ಯಾರು?" ಆಮೇಲೆ ನಾವು ತಿಂಗಳುಗಟ್ಟಲೆ ಮಾತಾಡಲಿಲ್ಲ. ಅವಳ ಮೇಲಿನ ಸಿಟ್ಟಿಗೆ ಅಲ್ಲ. ಅವಳು ಸರಿಯಾಗಿ ಅಳೆದಿದ್ದಳು, ಅದಕ್ಕೆ.

ಸೋಮವಾರ ರಜೆ ಹಾಕಿ ಮುನಿಯಪ್ಪನನ್ನು ಕರೆದುಕೊಂಡು ಕಚೇರಿಗೆ ಹೋದೆ. ಚೀಟಿ ಬರೆದವಳು ನಾನೇ ಎಂದೆ. ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂರಿಸಿದರು. ಅಧಿಕಾರಿ ಕೆಟ್ಟವರೇನಲ್ಲ, ತಮಿಳಿನಲ್ಲಿ ಮೃದುವಾಗಿಯೇ ಮಾತಾಡಿದರು. ಅದೇ ನನಗೆ ಇನ್ನಷ್ಟು ಉರಿಸಿತು. ಹೆಂಗಸರಿಗೆ ದಾಟಲು ಏನಾದರೂ ವ್ಯವಸ್ಥೆ ಮಾಡಿ, ಇವರಿಗೇ ಪರವಾನಗಿ ಕೊಡಿ ಎಂದು ಕೇಳಿದೆ. ಎಂಜಿನ್ನಿರುವ ದೋಣಿ ಬೇಕು, ತೇಲುವ ಅಂಗಿಗಳು ಬೇಕು, ಟೆಂಡರ್ ಕರೆಯಬೇಕು, ನೋಡೋಣ ಎಂದರು. ಆಮೇಲೆ ಚೀಟಿಯನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳಿದರು. ಸರಿಯಿದೆ ಎಂದು ನೀವೇ ಬರೆದಿದ್ದೀರಿ. ಈಗ ಇದು ಉಪಯೋಗಕ್ಕೆ ಬಾರದ್ದು ಎಂದು ನೀವೇ ಬರೆದು ಕಟ್ಟಿದರೆ ಇವರ ಮೇಲೆ ಕೇಸು ಹಾಕುವುದಿಲ್ಲ. ಹರಿಗೋಲು ಇವರ ಮನೆಗೆ ಹೋಗಲಿ. ನೀರಿಗೆ ಮಾತ್ರ ಇಳಿಸಬಾರದು ಎಂದರು.

ಮುನಿಯಪ್ಪನಿಗೆ ತಮಿಳು ಅರ್ಥವಾಗುತ್ತದೆ. ನನ್ನ ಮುಖ ನೋಡಲಿಲ್ಲ. "ಬರ್ದ್ಬುಡವ್ವ. ಕೋರ್ಟು ಗೀರ್ಟು ಅಂತ ಅಲೆಯೋ ವಯ್ಸಲ್ಲ ನಂದು."

ಮಾರನೇ ದಿನ ಕಾರ್ಖಾನೆಯಿಂದ ಒಂದು ಕೆಂಪು ಚೀಟಿ ತೆಗೆದುಕೊಂಡು ಹೊಂಗೆ ಮರದ ಹತ್ತಿರ ಹೋದೆ. ಬೀಗದ ಕೈ ಹಿಡಿದು ಕಚೇರಿಯ ಜವಾನ ಬಂದಿದ್ದ. ಬೇಗ ಬರೆಯಿರಿ ಎಂದ. ತಪಾಸಣೆ ಮಾಡದೆ ಬರೆಯುವುದಿಲ್ಲ ಎಂದೆ. ಸರಪಳಿ ಬಿಚ್ಚಿಸಿ, ಒಳಗೆ ಪೇಪರ್ ಹಾಸಿ, ಅರ್ಧ ಗಂಟೆ ನೀರಿನಲ್ಲಿ ಬಿಟ್ಟೆ. ಅವನು ಗೊಣಗುತ್ತ ಕೂತ. ತೆಗೆದು ನೋಡಿದೆ. ಪೇಪರ್ ಒಣಗಿಯೇ ಇತ್ತು. ಒಂದು ಹನಿ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಗಟ್ಟಿ ವಸ್ತು ನನ್ನ ಕೈಗೆ ಬಂದದ್ದು ಕಡಿಮೆ. ಅದಕ್ಕೆ ಕೆಂಪು ಚೀಟಿ ಕಟ್ಟಿದೆ. ಕೆಂಪು ಚೀಟಿಯಲ್ಲಿ ಒಂದು ಕಾಲಂ ಹೆಚ್ಚಿರುತ್ತದೆ, ತಿರಸ್ಕರಿಸಲು ಕಾರಣ ಏನು ಎಂದು. ಅಲ್ಲಿಯೂ ಬರೆದೆ. ಜವಾನ ಬಣ್ಣ ನೋಡಿದ, ಫೋಟೋ ಹೊಡೆದ, ಹೋದ. ಯಾರೂ ಓದಲಿಲ್ಲ.

ಫೆಬ್ರವರಿಯಲ್ಲಿ ಪಾರ್ವತಿಯನ್ನು ಹೆದ್ದಾರಿಯ ಷೇರ್ ಆಟೋ ನಿಲ್ಲುವ ಕಡೆ ನೋಡಿದೆ. ಬೆಳಗ್ಗೆ ನಾಲ್ಕೂವರೆಗೆ ಮನೆ ಬಿಟ್ಟು ಎರಡು ಆಟೋ ಬದಲಾಯಿಸಿದರೂ ಹೊತ್ತು ಮೀರುತ್ತದೆಂದು ಹಳೇ ಶೆಡ್ಡಿನವರು ಅವಳನ್ನು ಬಿಡಿಸಿದ್ದರು. ಹೆಚ್ಚು ಕೆಲಸವಿದ್ದ ತಿಂಗಳಲ್ಲೇ ಬಿಡಿಸಿದ್ದರು. ಇನ್ನೂ ದೂರದ ಒಂದು ಕಡೆ ಸೇರಿದ್ದಳು. ಬೈಯಲಿ ಎಂದು ಕಾದೆ. ಬೈಯಲಿಲ್ಲ. "ಸುಮ್ಕೆ ಸುತ್ಬೇಕು ಅಂತಿದ್ನಲ್ಲಕ್ಕ," ಅಂದಳು, "ಈಗ ದಿನಾ ಸುತ್ತುತಾ ಇವ್ನಿ." ಆಟೋ ಬಂತು, ಹತ್ತಿಕೊಂಡಳು.

ಕುಮುದಾ ನಕ್ಷೆಯಿಂದ ಆ ದಾರಿ ಅಳಿಸಿದಳು. ಅಷ್ಟರಲ್ಲಿ ಬೇರೆಯವರು ಬೇರೆ ಬೇರೆ ಹೆಸರಿಟ್ಟು ನಕಲು ಮಾಡಿಕೊಂಡಿದ್ದರು, ಈಗಲೂ ಇದೆ. ಹರಿಗೋಲು ಇಲ್ಲ, ಬಂದದ್ದು ದಂಡ ಎಂದು ಕೆಳಗೆ ಬರೆದು ಒಂದೇ ನಕ್ಷತ್ರ ಕೊಟ್ಟಿದ್ದಾರೆ. ಎಂಜಿನ್ ದೋಣಿ ಇನ್ನೂ ಬಂದಿಲ್ಲ.

ಡಾಂಬರಿನ ವಾಸನೆ ಹೊಡೆದ ಮರುಭಾನುವಾರ ಸೈಕಲ್ಲು ತೆಗೆದೆ. ಎದುರು ದಡದ ಮುನಿಯಪ್ಪನ ಊರಿಗೆ ರಸ್ತೆಯಲ್ಲೇ ಸುತ್ತಿ ಹೋದೆ, ಮೂರು ವರ್ಷದಲ್ಲಿ ಮೊದಲ ಸಲ. ಅವನ ಮನೆಯ ಮುಂದೆ ಹರಿಗೋಲು ಬೋರಲು ಬಿದ್ದಿತ್ತು, ಡಾಂಬರು ಒಣಗಿ ಬಿರುಕು ಬಿಟ್ಟಿತ್ತು, ಕೆಳಗೆ ಒಣಹುಲ್ಲು ಇಟ್ಟಿದ್ದರು. ಕೆಂಪು ಚೀಟಿ ಪ್ಲಾಸ್ಟಿಕ್ಕಿನೊಳಗೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅದನ್ನೂ ಅವನು ಬಿಚ್ಚಿರಲಿಲ್ಲ. ಜಗುಲಿಯ ಮೇಲೆ ಕೂರಿಸಿ ಟೀ ತರಿಸಿದ. ಕಣ್ಣು ಮಂಜಾಗಿದೆ, ಮೊದಲಿನ ಮುನಿಯಪ್ಪನಲ್ಲ.

"ಅದ್ರಾಗೆ ಏನ್ ಬರ್ದಿದ್ದೆ ಅಂತ ನಾನ್ ಕೇಳ್ಲೇ ಇಲ್ಲ," ಅಂದ.

ಎದ್ದು ಹೋಗಿ ಚೀಟಿ ಹಿಡಿದು ಓದಿ ಹೇಳಿದೆ. ವಸ್ತು, ಹರಿಗೋಲು. ದೋಷ, ಇಲ್ಲ. ತಿರಸ್ಕರಿಸಲು ಕಾರಣ, ತಪಾಸಣೆ ಮಾಡಿದವರ ತಪ್ಪು.

ಅವನು ತನ್ನ ಲೋಟ ಬರಿದು ಮಾಡಿ ಕೆಳಗಿಟ್ಟ. ಕ್ಷಮಿಸಿದೆ ಎನ್ನುತ್ತಾನೆ ಎಂದುಕೊಂಡೆ. ಇಲ್ಲ, ಹಾಗೆನ್ನಲಿ ಎಂದು ಕಾದೆ, ಅದಕ್ಕೇ ಹನ್ನೊಂದು ಕಿಲೋಮೀಟರ್ ತುಳಿದು ಬಂದಿದ್ದೆ.

"ಆವತ್ತು ನೊರೆ ಓಡ್ತಿತ್ತು ಕಣವ್ವ," ಅಂದ. "ನಾನ್ ನೋಡ್ದೆ. ನೋಡಿದ್ಮ್ಯಾಕೆ ನಿನ್ ಮೊಕ ನೋಡ್ದೆ."

ಟೀ ಮುಗಿಸಿ, ಸೈಕಲ್ಲು ಹತ್ತಿ, ಬಂದ ದಾರಿಯಲ್ಲೇ ಸುತ್ತಿಕೊಂಡು ಮನೆಗೆ ಬಂದೆ.